ಪದಕದ ಸೈಕಲ್ಲಿಗೆ ಹಾರ, ಹಾಲಿನ ಸೈಕಲ್ಲಿಗೆ ಬ್ಯಾರಿಕೇಡ್

ಬೆಳಗಾವಿಯಲ್ಲಿ ದೊಡ್ಡ ಓಟವೋ ಸೈಕಲ್ ಜಾಥಾವೋ ಏರ್ಪಟ್ಟ ಭಾನುವಾರದ ಮುಂಜಾನೆ ನಗರದ ಮುಖವೇ ಬದಲಾಗಿರುತ್ತದೆ. ಹಿಂದಿನ ರಾತ್ರಿಯೇ ರಸ್ತೆ ಗುಡಿಸಿರುತ್ತಾರೆ. ಬೆಳಕು ಹರಿಯುವ ಮೊದಲೇ ವೃತ್ತವೃತ್ತಗಳಲ್ಲಿ ಬ್ಯಾರಿಕೇಡ್ ಎಳೆದು ನಿಲ್ಲಿಸಿರುತ್ತಾರೆ. ದಾರಿಯ ಬದಿಯಲ್ಲಿ ನೀರಿನ ಬಾಟಲಿಗಳ ರಾಶಿ, ಧ್ವನಿವರ್ಧಕ, ಪ್ರಾಯೋಜಕರ ಹೆಸರು ಹೊತ್ತ ಕಮಾನು. ಬಾವುಟ ಬೀಸಲು ಬಂದ ಗಣ್ಯರು ಪರಿಸರ ಉಳಿಸಲು ಸೈಕಲ್ ತುಳಿಯಿರಿ ಎಂದು ಕರೆ ಕೊಡುತ್ತಾರೆ. ಆ ಕರೆಗೆ ಓಗೊಟ್ಟು ಬಂದ ಸೈಕಲ್ಲುಗಳಲ್ಲಿ ಹಲವು ಕಾರಿನ ಬೆನ್ನಿಗೆ ಕಟ್ಟಿಸಿಕೊಂಡು ಬಂದಿರುತ್ತವೆ ಎಂಬುದು ಬೇರೆ ಮಾತು.

ಅದೇ ಹೊತ್ತಿಗೆ ಕಿಣಯೆ, ಪೀರನವಾಡಿ, ಮಚ್ಛೆಯ ದಿಕ್ಕಿನಿಂದ ಬೇರೆ ಬಗೆಯ ಸೈಕಲ್ಲುಗಳೂ ನಗರದತ್ತ ಬರುತ್ತಿರುತ್ತವೆ. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು ತೂಗುಬಿಟ್ಟವರು, ಮೆಂತ್ಯ–ಕೊತ್ತಂಬರಿಯ ಕಟ್ಟು ಹೇರಿಕೊಂಡವರು, ಉದ್ಯಮಬಾಗಿನ ಫೌಂಡ್ರಿಗಳಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವವರು. ಇವರಿಗಾಗಿ ಯಾರೂ ಬಾವುಟ ಬೀಸುವುದಿಲ್ಲ. ಬ್ಯಾರಿಕೇಡಿನ ಮುಂದೆ ಇಳಿದು, ಸೈಕಲ್ ತಳ್ಳಿಕೊಂಡು, ಓಣಿ ಓಣಿ ಸುತ್ತಿ ಅಡ್ಡಹಾದಿ ಹುಡುಕುವುದಷ್ಟೇ ಇವರ ಪಾಲಿಗೆ ಉಳಿದದ್ದು. ಪರಿಸರಕ್ಕಾಗಿ ಸೈಕಲ್ ತುಳಿಯುವವರಿಗೆ ದಾರಿ ಬಿಡಲು, ಮೂವತ್ತು ವರ್ಷಗಳಿಂದ ಸೈಕಲ್ಲನ್ನೇ ತುಳಿಯುತ್ತ ಬಂದವರನ್ನು ದಾರಿಯಿಂದ ಇಳಿಸಲಾಗುತ್ತದೆ. ಹೊಗೆ ಉಗುಳದ ಬದುಕನ್ನು ಬದುಕಿದವರಿಗೆ ಸಿಕ್ಕದ ಗೌರವ, ಅಂಥ ಬದುಕನ್ನು ಒಂದು ಬೆಳಗಿನ ಮಟ್ಟಿಗೆ ಅಭಿನಯಿಸಿದವರಿಗೆ ಸಿಗುತ್ತದೆ.

ಇದನ್ನು ಕ್ರೀಡೆಯ ಮೇಲಿನ ಮುನಿಸೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಳಗಾವಿ ಆಟವನ್ನು ಪ್ರೀತಿಸುವ ಊರು. ಆನಂದವಾಡಿಯ ಕುಸ್ತಿ ಕಣಕ್ಕೆ ಸುತ್ತಲ ಹಳ್ಳಿಗಳ ಮಂದಿ ಸೈಕಲ್ ಮೇಲೆ ಇಬ್ಬಿಬ್ಬರಾಗಿ ಬರುತ್ತಿದ್ದ ಕಾಲವನ್ನು ಹಿರಿಯರು ಮರೆತಿಲ್ಲ. ಇದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಚಂದರಗಿಯ ಕ್ರೀಡಾ ಶಾಲೆ, ಪಕ್ಕದ ವಿಜಯಪುರ, ಬಾಗಲಕೋಟೆ, ಜಮಖಂಡಿಗಳು ನಾಡಿಗೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಅವರಲ್ಲಿ ಅನೇಕರು ರೈತ, ಕೂಲಿಕಾರರ ಮನೆಯ ಮಕ್ಕಳು. ಲಾರಿಗಳು ಧಾವಿಸುವ ಹೆದ್ದಾರಿಯ ಅಂಚಿನಲ್ಲಿಯೇ ಅಭ್ಯಾಸ ಮಾಡಿ ಪದಕ ಗೆದ್ದವರು. ಆಕ್ಷೇಪವಿರುವುದು ಓಟದ ಬಗ್ಗೆಯಲ್ಲ, ಓಟದ ಮರುದಿನದ ಬಗ್ಗೆ. ಸೋಮವಾರ ಬೆಳಗಾಗುವಷ್ಟರಲ್ಲಿ ಗುಡಿಸಿದ ರಸ್ತೆಯೂ ಇಲ್ಲ, ತಡೆದ ವಾಹನಗಳೂ ಇಲ್ಲ, ಪೊಲೀಸರ ಕಾವಲೂ ಇಲ್ಲ. ಚಂದರಗಿಯ ಹುಡುಗನೂ ಕಿಣಯೆಯ ಹಾಲಿನವನೂ ಒಂದೇ ಲಾರಿಯ ಚಕ್ರಕ್ಕೆ ಅಂಜುತ್ತ ರಸ್ತೆಯ ಅಂಚಿನ ಮಣ್ಣಿಗೆ ಇಳಿಯುತ್ತಾರೆ.

ಇಲ್ಲಿ ಓದುಗರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಸೈಕಲ್ಲಿಗೊಂದು ಪಥ ಬೇಕೆಂದು ಯಾರಾದರೂ ಕೇಳಿದರೆ ಸಿಗುವ ಸಿದ್ಧ ಉತ್ತರವೆಂದರೆ ರಸ್ತೆಯಲ್ಲಿ ಜಾಗವಿಲ್ಲ ಎಂಬುದು. ಓಟದ ದಿನ ಆ ಜಾಗ ಎಲ್ಲಿಂದ ಬಂತು? ರಸ್ತೆ ಅದೇ, ಅದರ ಅಗಲ ಅದೇ, ಊರಿನ ವಾಹನಗಳೂ ಅವೇ. ಒಂದು ಆದೇಶಪತ್ರ ಹೊರಟಿತು, ನಾಲ್ಕು ಗಂಟೆಗಳ ಮಟ್ಟಿಗೆ ಇಡೀ ರಸ್ತೆಯೇ ಸೈಕಲ್ಲಿನದಾಯಿತು. ಜಾಗವಿಲ್ಲವೆಂಬ ಮಾತು ಸುಳ್ಳೆಂಬುದನ್ನು ಪ್ರತಿ ಕ್ರೀಡಾಕೂಟವೂ ಸಾರ್ವಜನಿಕವಾಗಿಯೇ ಸಿದ್ಧಮಾಡಿ ತೋರಿಸುತ್ತದೆ. ಇಲ್ಲದ್ದು ಜಾಗವಲ್ಲ, ಮನಸ್ಸು.

ಎರಡು ಸೈಕಲ್ಲುಗಳ ತೂಕವನ್ನು ಹೋಲಿಸಿದರೂ ನ್ಯಾಯ ಎತ್ತ ಕಡೆಗಿದೆ ಎಂಬುದು ತಿಳಿಯುತ್ತದೆ. ಅಂತರರಾಷ್ಟ್ರೀಯ ರಸ್ತೆ ಸ್ಪರ್ಧೆಗಳಲ್ಲಿ ಬಳಸುವ ಸೈಕಲ್ 6.8 ಕಿಲೋಗ್ರಾಂಗಿಂತ ಕಡಿಮೆ ತೂಗಬಾರದು ಎಂಬುದು ನಿಯಮ; ಅದಕ್ಕಿಂತ ಹಗುರವಾಗಿಸಬಲ್ಲ ತಂತ್ರಜ್ಞಾನವಿದೆ ಎಂಬ ಕಾರಣಕ್ಕೆ ಬಂದ ನಿಯಮವದು. ಹಾಲಿನವನ ಕಬ್ಬಿಣದ ಸೈಕಲ್ಲೊಂದೇ ಅದರ ಮೂರು ಪಟ್ಟು ತೂಗುತ್ತದೆ. ಹಾಲಿನ ಸಾಂದ್ರತೆ ಲೀಟರಿಗೆ ಸುಮಾರು 1.03 ಕಿಲೋಗ್ರಾಂ, ಇಪ್ಪತ್ತು ಲೀಟರಿನ ಎರಡು ಕ್ಯಾನುಗಳೆಂದರೆ ಕ್ಯಾನಿನ ತೂಕ ಬಿಟ್ಟು 41 ಕಿಲೋಗ್ರಾಂ. ಇಷ್ಟನ್ನು ಹೇರಿಕೊಂಡು ದಿನವೂ ಏರು ಹತ್ತಿ ಬರುವವನನ್ನು ಕ್ರೀಡಾಪಟು ಎಂದು ಯಾರೂ ಕರೆಯುವುದಿಲ್ಲ. ಹಾಗೆ ಕರೆಸಿಕೊಳ್ಳುವ ಆಸೆ ಅವನಿಗೂ ಇಲ್ಲ. ಹಾಲು ಕೆಡುವ ಮೊದಲು ಮನೆಮನೆ ಮುಟ್ಟಿಸಬೇಕೆಂಬುದಷ್ಟೇ ಅವನ ಅವಸರ.

ರೆಕ್ಕೆಯ ಸೈಕಲ್ಲು, ಕೈಕೋಳದ ಸೈಕಲ್ಲು

ದೊಡ್ಡ ಕ್ರೀಡಾಕೂಟವೊಂದು ನಗರಕ್ಕೆ ಬಂದಾಗ ಅಲ್ಲಿಯ ದಿನನಿತ್ಯದ ಸೈಕಲ್ ಸವಾರನಿಗೆ ಏನಾಗುತ್ತದೆ ಎಂಬುದಕ್ಕೆ 2012ರ ಲಂಡನ್ ಒಲಿಂಪಿಕ್ಸ್‌ಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಅದು ಬ್ರಿಟನ್ನಿನ ಪಾಲಿಗೆ ಸೈಕಲ್ಲಿನ ವರ್ಷ. ಆ ಜುಲೈ 22ರಂದು ಬ್ರಾಡ್ಲಿ ವಿಗಿನ್ಸ್ ಟೂರ್ ಡಿ ಫ್ರಾನ್ಸ್ ಗೆದ್ದ ಮೊದಲ ಬ್ರಿಟಿಷ್ ಸವಾರನೆನಿಸಿದ. ಐದು ದಿನಗಳ ನಂತರ, ಜುಲೈ 27ರ ಶುಕ್ರವಾರ ರಾತ್ರಿ, ಒಲಿಂಪಿಕ್ಸ್ ಉದ್ಘಾಟನೆಯ ಗಂಟೆ ಬಾರಿಸಿದವನೂ ಅವನೇ. ಅದೇ ಸಮಾರಂಭದಲ್ಲಿ ಪಾರಿವಾಳದ ಬಿಳಿ ರೆಕ್ಕೆ ಕಟ್ಟಿಕೊಂಡ ಸೈಕಲ್ ಸವಾರರು ಕ್ರೀಡಾಂಗಣದ ತುಂಬ ಸುತ್ತಿದರು. ಜಗತ್ತೆಲ್ಲ ಚಪ್ಪಾಳೆ ತಟ್ಟಿತು.

ಕ್ರೀಡಾಂಗಣದ ಹೊರಗೆ ಅದೇ ರಾತ್ರಿ ನಡೆದದ್ದು ಬೇರೆ. ಪ್ರತಿ ತಿಂಗಳ ಕೊನೆಯ ಶುಕ್ರವಾರ ಲಂಡನ್ನಿನ ಸಾಮಾನ್ಯ ಸೈಕಲ್ ಸವಾರರು ಒಟ್ಟುಗೂಡಿ ನಗರದ ಬೀದಿಗಳಲ್ಲಿ ಸಾಗುವ ವಾಡಿಕೆ 1994ರಿಂದ ನಡೆದುಬಂದಿತ್ತು. ‘ಕ್ರಿಟಿಕಲ್ ಮಾಸ್’ ಎಂಬುದು ಅದರ ಹೆಸರು. ನಾಯಕರಿಲ್ಲ, ಪೂರ್ವನಿಗದಿತ ದಾರಿಯಿಲ್ಲ. ಇದಕ್ಕೆ ಮುಂಚಿತವಾಗಿ ಪೊಲೀಸರಿಗೆ ನೋಟಿಸು ಕೊಡುವ ಅಗತ್ಯವಿಲ್ಲವೆಂದು 2008ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಪೀಠವೇ ಹೇಳಿತ್ತು. ಆದರೆ ಒಲಿಂಪಿಕ್ಸಿನ ರಾತ್ರಿ ಥೇಮ್ಸ್ ನದಿಯ ಉತ್ತರಕ್ಕೆ ದಾಟಕೂಡದೆಂದು ಪೊಲೀಸರು ಷರತ್ತು ವಿಧಿಸಿದರು. ದಾಟಿದವರನ್ನು ಸುತ್ತುವರಿದರು. 182 ಮಂದಿಯನ್ನು ಬಂಧಿಸಿದರು. ಒಳಗೆ ರೆಕ್ಕೆ ಕಟ್ಟಿಕೊಂಡು ಸೈಕಲ್ ತುಳಿದವರು ಶಾಂತಿಯ ಸಂಕೇತ. ಹೊರಗೆ ರೆಕ್ಕೆಯಿಲ್ಲದೆ ತುಳಿದವರು ಆರೋಪಿಗಳು. ಮುಂದೆ ಕೆಲವರಿಗಷ್ಟೇ ಶಿಕ್ಷೆಯಾಯಿತು, ಬಹುತೇಕರನ್ನು ನ್ಯಾಯಾಲಯದ ಮುಂದೆ ತರಲೇ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕ್ರೀಡಾಪಟುಗಳು, ಅಧಿಕಾರಿಗಳು, ಪತ್ರಕರ್ತರು, ಜೊತೆಗೆ ಪ್ರಾಯೋಜಕರ ವಾಹನಗಳಿಗೆಂದು ನಗರದ ರಸ್ತೆಗಳಲ್ಲಿ ಸುಮಾರು 48 ಕಿಲೋಮೀಟರ್ ಉದ್ದದ ಪಥವನ್ನು ಮೀಸಲಿಟ್ಟರು. ಬೇರೆ ವಾಹನ ನುಗ್ಗಿದರೆ 130 ಪೌಂಡ್ ದಂಡ. ಲೀ ನದಿಯ ದಂಡೆಯುದ್ದಕ್ಕೂ ಸೈಕಲ್ ಸವಾರರೂ ಪಾದಚಾರಿಗಳೂ ಬಳಸುತ್ತಿದ್ದ ದಾರಿ ಒಲಿಂಪಿಕ್ ಪಾರ್ಕಿನ ಮಗ್ಗುಲಿಗೇ ಇತ್ತು. ಮೋಟಾರು ವಾಹನಗಳ ಕಾಟವಿಲ್ಲದ ಆ ಸುರಕ್ಷಿತ ದಾರಿಯನ್ನು ಭದ್ರತೆಯ ಹೆಸರಿನಲ್ಲಿ ಜುಲೈಯಿಂದ ಸೆಪ್ಟೆಂಬರ್ ತನಕ ಮುಚ್ಚಿದರು. ಅದನ್ನು ನಂಬಿದ್ದವರು ಲಾರಿ–ಬಸ್ಸುಗಳ ರಸ್ತೆಗೆ ಇಳಿಯಬೇಕಾಯಿತು.

ಆಗಸ್ಟ್ 1ರಂದು ವಿಗಿನ್ಸ್ ಒಲಿಂಪಿಕ್ ಚಿನ್ನ ಗೆದ್ದ. ಅದೇ ಸಂಜೆ ಒಲಿಂಪಿಕ್ ಪಾರ್ಕಿನ ಹತ್ತಿರ, ಪತ್ರಕರ್ತರನ್ನು ಕರೆದೊಯ್ಯುತ್ತಿದ್ದ ಕ್ರೀಡಾಕೂಟದ್ದೇ ಬಸ್ಸಿನಡಿ ಸಿಕ್ಕಿ 28 ವರ್ಷದ ಸೈಕಲ್ ಸವಾರನೊಬ್ಬ ಸತ್ತ. ಒಂದೇ ದಿನ, ಒಂದೇ ನಗರ, ಒಂದೇ ವಾಹನ. ಲಂಡನ್ನಿನಲ್ಲಿ ಮುಂದೆ 2016ರ ಹೊತ್ತಿಗೆ ನಗರದ ನಡುವೆಯೇ ಕಲ್ಲಿನ ಅಂಚುಗಟ್ಟಿದ ಪ್ರತ್ಯೇಕ ಸೈಕಲ್ ಪಥಗಳು ಬಂದವು. ಅವನ್ನು ತಂದದ್ದು ಪದಕಗಳೆಂದು ಹೇಳುವವರಿದ್ದಾರೆ. ಸಾವುಗಳ ನಂತರ ರಸ್ತೆಗಿಳಿದು ಪ್ರತಿಭಟಿಸಿದ ಸಾವಿರಾರು ಸಾಮಾನ್ಯ ಸವಾರರ ಹಟವಿಲ್ಲದಿದ್ದರೆ ಪದಕಗಳು ಕಪಾಟಿನಲ್ಲಿಯೇ ಇರುತ್ತಿದ್ದವು.

ದೆಹಲಿಯ ಕಥೆಯೂ ಇದೇ ಜಾಡಿನದು. 2010ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ರಸ್ತೆಗಳಲ್ಲಿ ಮೀಸಲು ಪಥ ಎಳೆದು, ಅದರೊಳಗೆ ನುಗ್ಗಿದವರಿಗೆ 2,000 ರೂಪಾಯಿ ದಂಡವಿಟ್ಟರು. ಶಾಲೆಗಳಿಗೆ ರಜೆ ಕೊಟ್ಟರು. ಬೀದಿ ವ್ಯಾಪಾರಿಗಳನ್ನೂ ಭಿಕ್ಷುಕರನ್ನೂ ಅತಿಥಿಗಳ ಕಣ್ಣಿಗೆ ಬೀಳದಂತೆ ಎಬ್ಬಿಸಿದರು. ಅದೇ ವರ್ಷದ ಫೆಬ್ರುವರಿಯಲ್ಲಿ, ಸೈಕಲ್ ರಿಕ್ಷಾಗಳ ಸಂಖ್ಯೆಗೆ ನಗರಪಾಲಿಕೆ ಹಾಕಿದ್ದ ಮಿತಿಯನ್ನು ದೆಹಲಿ ಹೈಕೋರ್ಟು ತಳ್ಳಿಹಾಕಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ರಸ್ತೆ ಮೋಟಾರಿನವರ ಪಿತ್ರಾರ್ಜಿತ ಆಸ್ತಿಯಲ್ಲ ಎಂಬ ಮಾತನ್ನು ಬಡವರು ನ್ಯಾಯಾಲಯದಲ್ಲಿ ಹೋರಾಡಿ ಸಾಧಿಸಬೇಕಾಯಿತು.

ಇನ್ನು 2025ರ ಜೂನ್ 4ರಂದು ಬೆಂಗಳೂರಿನಲ್ಲಿ ನಡೆದದ್ದು ಎಲ್ಲರ ನೆನಪಿನಲ್ಲಿದೆ. ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕಾಲ್ತುಳಿತವಾಗಿ 11 ಜನ ಸತ್ತರು. ಒಳಗೆ ಹಿಡಿಸುವುದು ಸುಮಾರು 35,000. ಹೊರಗೆ ಲಕ್ಷಗಟ್ಟಲೆ ಜನ. ತಂಡವನ್ನು ಮೆರವಣಿಗೆಯಾಗಿ ಕರೆತರುವುದು ಹೇಗೆಂಬ ಯೋಚನೆಗೆ ಅಂದು ಸಿಕ್ಕಿದ ಸಮಯದಲ್ಲಿ ಅರ್ಧದಷ್ಟಾದರೂ, ಕಾಲ್ನಡಿಗೆಯಲ್ಲಿ ಬಂದವರು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಮರಳಬೇಕು ಎಂಬುದಕ್ಕೆ ಸಿಕ್ಕಿದ್ದರೆ ಎಂದು ಮರುಗದವರಿಲ್ಲ. ಕಾಲಿನವರನ್ನು ಲೆಕ್ಕಕ್ಕೆ ಹಿಡಿಯದ ನಗರಕ್ಕೆ ಸೈಕಲ್ಲಿನವರು ಕಾಣುವುದು ಹೇಗೆ?

ಖಾನಾಪುರದ ದಾರಿ

ಈಗ ಮನೆಯ ಅಂಗಳಕ್ಕೆ ಮರಳೋಣವೆಂದರೆ ಅಂಗಳದಲ್ಲಿ ಮರವೇ ಉಳಿದಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಸಾಧಾರಣ ವೇಗದ ಸೈಕಲ್ಲಿಗೆ ಎರಡು ಗಂಟೆಯೊಳಗಿನ ದಾರಿ. ಬೆಳಗಾವಿ ನಗರವಂತೂ ದೊಡ್ಡ ಏರಿಳಿತವಿಲ್ಲದ, ತಂಪು ಹವೆಯ ಊರು. ಬಡವರ ಮಹಾಬಳೇಶ್ವರವೆಂದು ಅದಕ್ಕೆ ಹೆಸರು ಬಂದದ್ದು ಸುಮ್ಮನಲ್ಲ. ಸೈಕಲ್ಲಿಗೆ ಹೇಳಿ ಮಾಡಿಸಿದಂಥ ಹವೆ, ಹೇಳಿ ಮಾಡಿಸಿದಂಥ ನೆಲ. ಹಳೆಯ ಗೋವಾ ರಸ್ತೆಯ ಎರಡೂ ಬದಿಗೆ ನಿಂತಿದ್ದ ಸಾಲುಮರಗಳು ಆ ತಂಪನ್ನು ಖಾನಾಪುರದವರೆಗೂ ಕಾಯ್ದುಕೊಂಡಿದ್ದವು.

ಆ ರಸ್ತೆಯನ್ನು ಅಗಲಿಸುವಾಗ ಸಾವಿರಾರು ಮರಗಳು ಉರುಳಿದವು. ಖಾನಾಪುರದಾಚೆಯ ಕಾಡಿನ ಭಾಗದ ಅಗಲೀಕರಣ ಹೈಕೋರ್ಟಿನ ಮೆಟ್ಟಿಲೇರಿತು. ಬೆಳಗಾವಿ–ಖಾನಾಪುರದ ನಡುವೆ ಚತುಷ್ಪಥ ಸಿದ್ಧವಾಯಿತು, ಗಣೇಬೈಲಿನಲ್ಲಿ ಟೋಲ್ ನಾಕಾ ಬಂತು. ಲೆಕ್ಕಪತ್ರದಲ್ಲಿ ಇದು ಅಭಿವೃದ್ಧಿ. ಸೈಕಲ್ಲಿನವನ ಲೆಕ್ಕ ಬೇರೆ. ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ನೆರಳಿಲ್ಲದ ಡಾಂಬರಿನ ಮೇಲ್ಮೈ 55–60 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಕಾರಿನವನಿಗೆ ಅದು ತಿಳಿಯುವುದೂ ಇಲ್ಲ. ಮರ ಕಡಿದಾಗ ಹೋದದ್ದು ನೆರಳೊಂದೇ ಎಂದು ತಿಳಿಯಬಾರದು. ನಡೆಯುವವರನ್ನೂ ಸೈಕಲ್ ತುಳಿಯುವವರನ್ನೂ ಆ ರಸ್ತೆಯಿಂದ ಹೊರಹಾಕುವ ಆಜ್ಞೆ ಅಂದೇ ಜಾರಿಯಾಯಿತು, ಯಾವ ಗೆಜೆಟ್ಟಿನಲ್ಲಿಯೂ ಅಚ್ಚಾಗದೆ.

ವೇಗದ ಮಾತನ್ನೂ ವಿದ್ಯಾರ್ಥಿಗಳು ಲೆಕ್ಕಹಾಕಿ ನೋಡಬೇಕು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಪಥದ ಹೆದ್ದಾರಿಗಳಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 100 ಕಿಲೋಮೀಟರಿಗೆ ಏರಿಸಿತು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಹಳೆಯ ರಸ್ತೆಯಲ್ಲಿ 50ರ ವೇಗದಲ್ಲಿ ಬರುತ್ತಿದ್ದ ಕಾರು ಹೊಸ ರಸ್ತೆಯಲ್ಲಿ 100ರಲ್ಲಿ ಬಂದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದರ ಮಗ್ಗುಲಲ್ಲೇ 15ರ ವೇಗದ ಸೈಕಲ್ಲು ಸಾಗಬೇಕು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಜನ ಸತ್ತರು; ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು. ಸೈಕಲ್ಲು ಯಾರನ್ನೂ ಕೊಲ್ಲುವುದಿಲ್ಲ, ಸಾಯುವ ಸರದಿ ಮಾತ್ರ ಅದರದು.

ಎರಡು ಮೀಟರ್ ಅಗಲವಿದ್ದರೆ ಸೈಕಲ್ ಪಥವಾಗುತ್ತದೆ. ಇದು ಪರಿಸರವಾದಿಗಳ ಕನಸಿನ ಲೆಕ್ಕವಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸು ಸೈಕಲ್ ಪಥಗಳ ವಿನ್ಯಾಸಕ್ಕೆಂದೇ 1962ರಲ್ಲಿ ಮಾರ್ಗಸೂಚಿ ಹೊರಡಿಸಿ, 2015ರಲ್ಲಿ ಅದನ್ನು ಪರಿಷ್ಕರಿಸಿದೆ. ಎಂಜಿನಿಯರುಗಳಿಗೆ ತಿಳಿಯದ ವಿದ್ಯೆ ಇದಲ್ಲ. ಆ ಎಂಜಿನಿಯರುಗಳನ್ನು ತಯಾರಿಸುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಇದೇ ರಸ್ತೆಯ ಬದಿಯಲ್ಲಿ, ಮಚ್ಛೆಯಲ್ಲಿದೆ! ಚತುಷ್ಪಥಕ್ಕೆ ಜಾಗ ಸಿಕ್ಕಿದಾಗ, ಟೋಲ್ ನಾಕಾಕ್ಕೆ ಜಾಗ ಸಿಕ್ಕಿದಾಗ, ಎರಡು ಮೀಟರಿಗೆ ಮಾತ್ರ ಜಾಗ ಸಿಗಲಿಲ್ಲವೆಂದರೆ ನಂಬುವವರು ಯಾರು?

ನಗರದೊಳಗಿನ ಕಥೆ ಹೇಳದಿರುವುದೇ ಲೇಸು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಬೆಳಗಾವಿ ಸೇರಿತು. ಕೆಲವು ರಸ್ತೆಗಳ ಅಂಚಿನಲ್ಲಿ ಸೈಕಲ್ಲಿಗೆಂದು ಪಥ ಗುರುತಿಸಿದರು. ಗುರುತಿನ ಮೇಲೆ ಕಾರುಗಳು ನಿಂತವು. ಅದರ ಮರುವರ್ಷ, 2017ರ ಜೂನ್‌ನಲ್ಲಿ, ಮೈಸೂರು ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ 450 ಸೈಕಲ್ಲುಗಳ ಬಾಡಿಗೆ ವ್ಯವಸ್ಥೆ ಆರಂಭಿಸಿ ದೇಶಕ್ಕೆ ಮಾದರಿಯಾಯಿತು. ಕನ್ನಡ ನಾಡಿನ ಒಂದು ನಗರಕ್ಕೆ ಸಾಧ್ಯವಾದದ್ದು ಇನ್ನೊಂದಕ್ಕೆ ಅಸಾಧ್ಯವೆನ್ನಲು ಕಾರಣವಿಲ್ಲ.

ಖಾನಾಪುರದ ಹಳ್ಳಿಗಳ ವಿದ್ಯಾರ್ಥಿಗಳಿಗೆ ಸೈಕಲ್ಲೆಂದರೆ ಹವ್ಯಾಸವಲ್ಲ. ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗಿನ ಮೂರೋ ಐದೋ ಕಿಲೋಮೀಟರ್ ದಾರಿ ಅದು. ಆ ದಾರಿ ತುಂಡಾದರೆ ಬೆಳಗಾವಿಯ ಕಾಲೇಜೂ ತಪ್ಪುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಒಳ್ಳೆಯದೇ ಆಯಿತು. ಬಸ್ಸಿನ ತನಕ ಬರುವುದು ಹೇಗೆಂಬುದು ಯೋಜನೆಯ ಕಡತದಲ್ಲಿ ಇಲ್ಲ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ, ಎಷ್ಟೋ ಹುಡುಗಿಯರ ಓದು ಏಳನೆಯ ತರಗತಿಗೇ ನಿಲ್ಲದೆ ಮುಂದುವರಿಯಲು ಅದೊಂದು ಆಸರೆಯಾಯಿತು. ಕೊರೊನಾ ಕಾಲದಲ್ಲಿ ನಿಂತ ಆ ವಿತರಣೆ ಶಾಲೆಗಳು ತೆರೆದ ಮೇಲೂ ವರ್ಷಗಟ್ಟಲೆ ಮರಳಲಿಲ್ಲ. ಸೈಕಲ್ ಕೊಟ್ಟ ದಿನಗಳಲ್ಲಿ ದಾರಿ ಕೊಡಲಿಲ್ಲ, ದಾರಿ ಅಗಲವಾದ ದಿನಗಳಲ್ಲಿ ಸೈಕಲ್ಲು ನಿಂತುಹೋಯಿತು.

ಇದೇ ತಾಲ್ಲೂಕಿನ ಪಶ್ಚಿಮದ ಅಂಚಿಗೆ ಹೋದರೆ ರಸ್ತೆಯ ನ್ಯಾಯ ಇನ್ನಷ್ಟು ಬತ್ತಲಾಗುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿಗೆ ಸೇರಿದ ಆಮಗಾಂವದಿಂದ 2024ರ ಜುಲೈನಲ್ಲಿ ಕಾಯಿಲೆಬಿದ್ದ ಹೆಂಗಸೊಬ್ಬರನ್ನು ಊರವರು ಕಟ್ಟಿಗೆಯ ಮಂಚದಂಥ ಡೋಲಿಯಲ್ಲಿ ಹೊತ್ತು, ಸುರಿವ ಮಳೆಯಲ್ಲಿ ಕಾಡುದಾರಿ ದಾಟಿಸಿದರು. ಕಾಡಿನೊಳಗೆ ಡಾಂಬರು ಹಾಕಬೇಕೆಂದು ವಾದಿಸಲು ಈ ಮಾತನ್ನು ಎತ್ತುತ್ತಿಲ್ಲ. ಭೀಮಗಡದ ಕಾಡು 2011ರಲ್ಲಿ ಅಭಯಾರಣ್ಯವಾದದ್ದು ಮಹದಾಯಿಯ ಕಣಿವೆಗೆ ಒಳಿತನ್ನೇ ಮಾಡಿದೆ. ಆದರೆ ಗೋವಾದ ಕಡಲತೀರಕ್ಕೆ ಅರ್ಧ ಗಂಟೆ ಮೊದಲೇ ತಲುಪಬೇಕೆನ್ನುವ ಕಾರಿಗೆ ಸಾವಿರಾರು ಮರಗಳನ್ನು ಕಡಿಯಲು ಹಿಂಜರಿಯದ ವ್ಯವಸ್ಥೆಗೆ, ಈ ಊರಿನವರ ಮಾತು ಬಂದಾಗ ಮಾತ್ರ ಕಾಡಿನ ಕಾಯ್ದೆ ನೆನಪಾಗುತ್ತದೆ.

ಹಾಗೆಯೇ ಹಲಗಾ–ಮಚ್ಛೆ ಬೈಪಾಸು. ಶಹಾಪುರ, ವಡಗಾವಿ, ಅನಗೋಳದ ಸುತ್ತಲಿನ, ವರ್ಷಕ್ಕೆ ಎರಡು ಮೂರು ಬೆಳೆ ಕೊಡುವ ಎರೆಯ ನೆಲದ ಮೇಲೆ ಹಾಯುವ ಆ ರಸ್ತೆಗೆ ರೈತರು ವರ್ಷಗಟ್ಟಲೆ ಅಡ್ಡ ನಿಂತರು. ಬೆಳಗಾವಿ ಬಾಸುಮತಿ ಬೆಳೆದ ಗದ್ದೆಗಳು ಅವು. ಅಂಥ ಒಂದು ಇಂಚು ಮೇಲ್ಮಣ್ಣು ಕಟ್ಟಿಕೊಳ್ಳಲು ಪ್ರಕೃತಿಗೆ ನೂರಾರು ವರ್ಷ ಬೇಕು. ಜೆಸಿಬಿಗೆ ಒಂದು ಮಧ್ಯಾಹ್ನ ಸಾಕು. ಬೈಪಾಸು ಏಕೆ ಬೇಕು? ನಗರದೊಳಗೆ ವಾಹನ ಹೆಚ್ಚಿತು. ವಾಹನ ಏಕೆ ಹೆಚ್ಚಿತು? ಸೈಕಲ್ ತುಳಿಯುತ್ತಿದ್ದವನು ಅಂಜಿ, ಸಾಲ ಮಾಡಿ ಬೈಕು ಕೊಂಡ. ಸೈಕಲ್ಲಿನ ದಾರಿಗೂ ಗದ್ದೆಯ ಉಳಿವಿಗೂ ಸಂಬಂಧವಿದೆ ಎಂಬುದನ್ನು ಯೋಜನೆ ಬರೆಯುವವರು ಒಪ್ಪುವುದಿಲ್ಲ, ಗದ್ದೆ ಕಳೆದುಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನರೇ ಬಿಟ್ಟರು ಎಂಬ ವಾದ

ಬಡವರೇ ಈಗ ಸೈಕಲ್ ಬಿಟ್ಟು ಬೈಕಿಗೆ ಹೋಗಿದ್ದಾರೆ, ಅವರಿಗೆ ಬೇಡವಾದದ್ದನ್ನು ಓದಿದವರು ಏಕೆ ಹೇರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. 2011ರ ಜನಗಣತಿಯ ಹೊತ್ತಿಗೂ, ಕೃಷಿ ಮತ್ತು ಮನೆಯುದ್ದಿಮೆ ಬಿಟ್ಟು ಬೇರೆ ಕೆಲಸಗಳಲ್ಲಿದ್ದ ದೇಶದ ದುಡಿಮೆಗಾರರಲ್ಲಿ ಶೇಕಡಾ 13ರಷ್ಟು ಮಂದಿ ಸೈಕಲ್ ಮೇಲೆಯೇ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿಂದೀಚೆ ಆ ಸಾಲು ತೆಳುವಾಗಿದ್ದರೆ ಅದನ್ನು ಆಯ್ಕೆಯೆಂದು ಕರೆಯುವುದು ಸರಿಯಲ್ಲ. ಹೊಳೆಗೆ ವಿಷ ಬೆರೆಸಿ, ಜನ ಬಾಟಲಿ ನೀರನ್ನೇ ಇಷ್ಟಪಡುತ್ತಾರೆ ಎಂದು ಹೇಳಿದಂತಾಯಿತು. ಖಾನಾಪುರದಿಂದ ಬೆಳಗಾವಿಗೆ ಹೋಗಿಬರುವ 52 ಕಿಲೋಮೀಟರಿಗೆ ಬೈಕು ಸುಮಾರು ಒಂದು ಲೀಟರ್ ಪೆಟ್ರೋಲು ಕುಡಿಯುತ್ತದೆ. ಪ್ರತಿ ಲೀಟರಿಗೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ತಿಂಗಳ ಪಗಾರದಲ್ಲಿ ಪೆಟ್ರೋಲಿಗೆ ಹೋಗುವ ಪಾಲನ್ನು ಹೇಳಲು ಅಂಕಿಸಂಖ್ಯೆ ಬೇಡ, ಮನೆಯಾಕೆಯನ್ನು ಕೇಳಿದರೆ ಸಾಕು.

ಎಲ್ಲರೂ 52 ಕಿಲೋಮೀಟರ್ ಸೈಕಲ್ ತುಳಿಯಲೆಂದು ಯಾರೂ ಬಯಸುವುದಿಲ್ಲ. ಲೋಂಡಾದ ಕಡೆಯಿಂದ ಬರುವ ರೈಲು ಹಳಿ ಗುಂಜಿ, ಖಾನಾಪುರ, ಇದಲಹೊಂಡ, ದೇಸೂರುಗಳನ್ನು ಮುಟ್ಟಿಕೊಂಡೇ ಬೆಳಗಾವಿಗೆ ಹೋಗುತ್ತದೆ. ಹಳ್ಳಿಯಿಂದ ನಿಲ್ದಾಣಕ್ಕೆ ಸೈಕಲ್ಲು, ನಿಲ್ದಾಣದಿಂದ ಊರಿಗೆ ರೈಲು. ನೆದರ್ಲೆಂಡ್ಸಿನ ಯುಟ್ರೆಕ್ಟ್ ನಿಲ್ದಾಣದ ಕೆಳಗೆ 2019ರಿಂದ 12,500 ಸೈಕಲ್ಲುಗಳನ್ನು ನಿಲ್ಲಿಸುವ ಜಾಗವಿದೆ. ಇದಲಹೊಂಡಕ್ಕೆ ಅಷ್ಟು ಬೇಡ. ಐವತ್ತು ಸೈಕಲ್ಲುಗಳಿಗೆ ಒಂದು ತಗಡಿನ ಮಾಡು, ಒಂದು ಕಬ್ಬಿಣದ ಸರಳು, ರಾತ್ರಿ ಉರಿಯುವ ಒಂದು ದೀಪ.

ಕೊಲಂಬಿಯಾದ ಬೊಗೋಟಾ ನಗರದಲ್ಲಿ 1974ರಿಂದ ಭಾನುವಾರಗಳಂದು, ರಜಾದಿನಗಳಂದು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮುಖ್ಯ ರಸ್ತೆಗಳನ್ನು ಮೋಟಾರು ವಾಹನಗಳಿಗೆ ಮುಚ್ಚುತ್ತ ಬಂದಿದ್ದಾರೆ. ಈಗ ಅದರ ಉದ್ದ 120 ಕಿಲೋಮೀಟರ್ ದಾಟಿದೆ. ಅಲ್ಲಿ ಅದಕ್ಕೆ ಟೀ ಶರ್ಟು ಬೇಕಿಲ್ಲ, ಪ್ರವೇಶ ಶುಲ್ಕ ಬೇಕಿಲ್ಲ. ಐಸ್‌ಕ್ರೀಮು ಮಾರುವವನ ಸೈಕಲ್ಲಿಗೂ ಅಲ್ಲಿ ಸ್ಥಳವಿದೆ. ಅದು ಶ್ರೀಮಂತ ದೇಶವಲ್ಲ ಎಂಬುದನ್ನೂ ಗಮನಿಸಬೇಕು.

ಕರ್ನಾಟಕದಲ್ಲಿಯೂ ಪಾದಚಾರಿಗಳ ಮತ್ತು ಸೈಕಲ್ ಸವಾರರ ಹಕ್ಕನ್ನು ಕಾಯ್ದೆಯಾಗಿಸುವ ಮಸೂದೆಯ ಕರಡನ್ನು ನಗರ ಭೂಸಾರಿಗೆ ನಿರ್ದೇಶನಾಲಯ 2021ರಲ್ಲಿ ಸಿದ್ಧಪಡಿಸಿತ್ತು. ಆ ಕರಡು ಕಪಾಟಿನಲ್ಲಿ ಮಲಗಿದ ಮೇಲೆ ಸುವರ್ಣ ವಿಧಾನಸೌಧದಲ್ಲಿ ಎಷ್ಟು ಚಳಿಗಾಲದ ಅಧಿವೇಶನಗಳು ಬಂದು ಹೋದವು! ಅಧಿವೇಶನದ ದಿನಗಳಲ್ಲಿ ಮಂತ್ರಿಗಳ ವಾಹನಸಾಲಿಗೆಂದು ಬೆಳಗಾವಿಯ ರಸ್ತೆಗಳು ತೆರವಾಗುತ್ತವೆ, ಟಿಳಕವಾಡಿಯ ರೈಲ್ವೆ ಗೇಟುಗಳ ಬಳಿ ಸೈಕಲ್ಲಿನವರು ಎಂದಿನಂತೆ ಕಾಯುತ್ತಾರೆ.

ಖಾನಾಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಗಳು ಮುಂಬರುವ ಗ್ರಾಮಸಭೆಗಳಲ್ಲಿ ಈ ವಿಷಯವಾಗಿ ಠರಾವು ಪಾಸು ಮಾಡಬೇಕಾದ ಕಾಲ ಬಂದಿದೆ. ಠರಾವಿನಲ್ಲಿ ದೊಡ್ಡ ಮಾತುಗಳು ಬೇಡ. ಪೀರನವಾಡಿಯಿಂದ ಖಾನಾಪುರದವರೆಗೆ ಹೆದ್ದಾರಿಯ ಎರಡೂ ಬದಿಗೆ ಎರಡು ಮೀಟರಿನ, ಅಂಚುಕಲ್ಲು ಹಾಕಿದ ಸೈಕಲ್ ದಾರಿ. ಕಡಿದ ಮರಗಳ ಜಾಗದಲ್ಲಿ ಅಕೇಶಿಯಾ ಅಲ್ಲ, ಹುಣಸೆ, ಮಾವು, ನೇರಳೆ, ಹೊಂಗೆ. ನಾಲ್ಕು ರೈಲು ನಿಲ್ದಾಣಗಳಲ್ಲಿ ಸೈಕಲ್ ನಿಲ್ಲಿಸಲು ಮಾಡು. ಶಾಲೆ ಬಿಡುವ ಹೊತ್ತಿನಲ್ಲಿ ಹಳ್ಳಿಯ ತಿರುವುಗಳಲ್ಲಿ ವಾಹನಗಳ ವೇಗಕ್ಕೆ ಕಡಿವಾಣ. ನಗರದಲ್ಲಿ ಓಟಕ್ಕೋ ಜಾಥಾಕ್ಕೋ ಅನುಮತಿ ಕೊಡುವಾಗ ದುಡಿಮೆಯ ಸೈಕಲ್ಲುಗಳಿಗೆ ಒಂದು ಬದಿ ತೆರೆದಿಡಬೇಕೆಂಬ ಷರತ್ತನ್ನು ಜಿಲ್ಲಾಡಳಿತ ಆ ಅನುಮತಿಪತ್ರದಲ್ಲಿಯೇ ಬರೆಯಬೇಕು. ಠರಾವಿನ ಒಂದು ಪ್ರತಿ ಹೆದ್ದಾರಿ ಪ್ರಾಧಿಕಾರಕ್ಕೆ, ಒಂದು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ, ಒಂದು ಜಿಲ್ಲಾಧಿಕಾರಿಗೆ ಹೋಗಲಿ. ಸ್ವೀಕೃತಿ ಪತ್ರ ಪಡೆಯುವುದನ್ನು ಮರೆಯಬಾರದು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲು ಅದೇ ಬೇಕಾಗುತ್ತದೆ.